ಅರಿಶಿನದ ಹೊಲದ ಹಾಡು

ನಾನೇ ಕಟ್ಟಿದ ಹಾಡು ನನ್ನದಲ್ಲ ಎಂದು ನನ್ನ ಫೋನೇ ನನಗೆ ಹೇಳಿತು. ಬೆಳಗಿನ ಹಾಲು ಅಳೆದು ಮುಗಿಸಿ, ನಾನು ಕೆಲಸ ಮಾಡುವ ಹಾಲಿನ ಡೈರಿಯ ಬಾಗಿಲಲ್ಲಿ ನಿಂತು ಫೋನು ತೆರೆದಿದ್ದೆ. ಹಿಂದಿನ ದಿನ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಹಾಡಿ, ರೆಕಾರ್ಡ್ ಮಾಡಿ, ನನ್ನದೇ ಹೊಸ ಚಾನೆಲ್‌ಗೆ ಹಾಕಿದ್ದ ಹಾಡು ಅದು. ಅದರ ಕೆಳಗೆ ಒಂದು ಸೂಚನೆ ಬಂದು ಕೂತಿತ್ತು: ಈ ಹಾಡಿನ ಹಕ್ಕು ಬೇರೆಯವರದು, ಹಾಗಾಗಿ ಇದನ್ನು ತಡೆಯಲಾಗಿದೆ. ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಆ ಬೇರೆಯವರು ಯಾರಪ್ಪಾ ಎಂದು ಒತ್ತಿ ನೋಡಿದರೆ ನನ್ನ ಗೆಳತಿಯ ಚಾನೆಲ್ ತೆರೆದುಕೊಂಡಿತು. ನನಗೆ ನಗು ಬಂತು. ಯಂತ್ರಕ್ಕೇನು ಗೊತ್ತು ನಮ್ಮಿಬ್ಬರ ವಿಷಯ, ಎಲ್ಲೋ ಗೊಂದಲ ಮಾಡಿಕೊಂಡಿದೆ ಎಂದುಕೊಂಡು ಕ್ಯಾನು ತೊಳೆಯಲು ಹೋದೆ.

ಅವಳು ಬರೀ ಗೆಳತಿಯಲ್ಲ. ನಮ್ಮಿಬ್ಬರದೂ ಒಂದೇ ತವರು. ಬೂದಿಗೆರೆಯಿಂದ ಒಳಕ್ಕೆ ಹೋದರೆ ಸಿಗುವ ಊರು. ಇಬ್ಬರನ್ನೂ ಸೂಲಿಬೆಲೆ ಕಡೆಯ ಒಂದೇ ಊರಿಗೆ ಕೊಟ್ಟರು, ಒಂದು ವರ್ಷದ ಅಂತರದಲ್ಲಿ. ಗಂಡನ ಊರಿನಲ್ಲಿ ತವರಿನವಳು ಒಬ್ಬಳಿದ್ದರೆ ಅದು ಎಷ್ಟು ದೊಡ್ಡ ಧೈರ್ಯ ಎಂಬುದು ಮದುವೆಯಾಗಿ ಹೋದವರಿಗೇ ಗೊತ್ತು. ಅತ್ತೆ ಬೈದ ದಿನ ಅವಳ ಮನೆಯ ಜಗಲಿ ನನಗೆ, ನಾದಿನಿ ಮಾತು ಬಿಟ್ಟ ದಿನ ನನ್ನ ಮನೆಯ ಜಗಲಿ ಅವಳಿಗೆ. ನನ್ನ ಮಗಳು ಹುಟ್ಟಿದಾಗ ಮೊದಲ ನೀರು ಹಾಕಿದವಳು ಅವಳು. ಅವಳ ಬಗ್ಗೆ ಯಾರಾದರೂ ಚಾಡಿ ಹೇಳಿದರೆ ನಾನು ಅವರ ಮನೆಯ ಹಾಲನ್ನು ಅಳೆಯುವಾಗಲೂ ಮುಖ ಗಂಟು ಹಾಕಿಕೊಂಡೇ ಅಳೆಯುತ್ತಿದ್ದೆ.

ಶನಿವಾರ ಸಂಜೆ ಆಂಜನೇಯನ ಗುಡಿಯಲ್ಲಿ ನಮ್ಮ ಹೆಂಗಸರ ಭಜನೆ. ಒಬ್ಬರು ಮುಂದೆ ಹೇಳುವುದು, ಉಳಿದವರು ಹಿಂದೆ ಹೇಳುವುದು. ಮುಂದೆ ಹೇಳುವವಳು ಒಂದು ಸಾಲು ಕೊಟ್ಟರೆ ಹಿಂದಿನವರು ಅದನ್ನು ಕೊಟ್ಟ ಹಾಗೆಯೇ ಹಿಂದಿರುಗಿಸಬೇಕು, ಒಂದಕ್ಷರ ಕೂಡಿಸಬಾರದು, ಒಂದಕ್ಷರ ಕಳೆಯಬಾರದು. ನನ್ನ ಗಂಟಲು ದಪ್ಪ, ಹಂಡೆಯೊಳಗಿಂದ ಬಂದ ಹಾಗೆ. ನಾನು ಮುಂದೆ ಹೇಳುತ್ತಿದ್ದೆ. ಅವಳದು ಸಣ್ಣ ಗಂಟಲು, ಇಂಪು. ನನ್ನ ಬೆನ್ನ ಹಿಂದೆಯೇ ಕೂತು ಮೊದಲು ಎತ್ತಿಕೊಳ್ಳುತ್ತಿದ್ದವಳು ಅವಳೇ. ಕೊಟ್ಟಿದ್ದನ್ನು ಕೊಟ್ಟ ಹಾಗೆ ಹಿಂದಿರುಗಿಸುವುದರಲ್ಲಿ ನಮ್ಮ ಊರಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಾನು ತಪ್ಪು ಹೇಳಿದರೂ ಅದೇ ತಪ್ಪನ್ನು ಅಷ್ಟೇ ಚಂದವಾಗಿ ಹೇಳುತ್ತಿದ್ದಳು.

ನಮಗೆ ಭಜನೆ ಕಲಿಸಿದ ಮುದುಕಿ, ನಮ್ಮ ಅತ್ತೆಯ ಚಿಕ್ಕಮ್ಮ, ಒಂದು ಕಟ್ಟಳೆ ಹಾಕಿದ್ದಳು. ಹೊಸ ಹಾಡು ಯಾರು ಬೇಕಾದರೂ ಕಟ್ಟಬಹುದು. ಆದರೆ ಕೊನೆಯ ನುಡಿಯಲ್ಲಿ ದೇವರ ಹೆಸರೇ ಬರಬೇಕು, ಕಟ್ಟಿದವರ ಹೆಸರು ಬರಬಾರದು. ಹಾಡಿನಲ್ಲೂ ಬರಬಾರದು, ಹಾಡುವ ಮೊದಲು ಇದು ನಂದು ಎಂದು ಹೇಳಲೂ ಬಾರದು.

"ಹಾಡಿಗೆ ನಿನ್ ಹೆಸ್ರು ಅಂಟಿಸ್ಬೇಡ ಕಣವ್ವಾ," ಎಂದು ನನಗೆ ಹೇಳಿದ್ದಳು. "ಅಂಟಿಸ್ದೆ ಅಂದ್ರೆ ಅದು ನಿನ್ ಮನೆ ಹೊಸ್ಲು ದಾಟಲ್ಲ. ದೇವರ ಹೆಸ್ರಲ್ಲಿ ಬಿಟ್ರೆ ನಾಕೂರು ತಿರುಗುತ್ತೆ."

ಮುದುಕಿ ಹೇಳಿದ್ದು ಸುಳ್ಳಾಗಲಿಲ್ಲ. ನನ್ನ ಹಾಡು ನಾಲ್ಕೂರಲ್ಲ, ನಲವತ್ತೂರು ತಿರುಗಿತು.

ಆ ಹಾಡು ಹುಟ್ಟಿದ್ದು ನಮ್ಮ ತವರಿನ ಹೊಲಗಳ ನೆನಪಿನಲ್ಲಿ. ನಮ್ಮ ಕಡೆ ಪ್ರತಿ ಹೊಲಕ್ಕೂ ಒಂದು ಹೆಸರಿದೆ. ದಿನ್ನೆ ಹೊಲ, ಹುಣಸೇಮರದ ಹೊಲ, ಕೋಡಿ ಗದ್ದೆ. ನಮ್ಮ ಮನೆಗೆ ಸೇರಿದ್ದ ಒಂದು ತುಂಡು ಭೂಮಿಗೆ ಅರಿಶಿನದ ಹೊಲ ಎಂದು ಹೆಸರು. ಅದರಲ್ಲಿ ಅರಿಶಿನ ಬೆಳೆಯುತ್ತಿರಲಿಲ್ಲ, ರಾಗಿ, ಅವರೆ ಬೆಳೆಯುತ್ತಿತ್ತು. ಆ ಹೊಲದ ಬೆಳೆ ಮಾತ್ರ ಮನೆಯ ಹೆಣ್ಣುಮಕ್ಕಳ ಅರಿಶಿನ ಕುಂಕುಮಕ್ಕೆ ಮೀಸಲು. ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಅಮ್ಮ ಬಳೆ ತೊಡಿಸಿ, ರವಿಕೆ ಬಟ್ಟೆ ಕೊಟ್ಟು, "ಇದು ನಿಮ್ ಹೊಲದ್ದು ಕಣ್ರೇ, ನಿಮ್ ಅಣ್ಣಂದಿರ ಋಣ ಅಲ್ಲ" ಎನ್ನುತ್ತಿದ್ದಳು. ಆ ಮಾತಿಗೆ ನಾವು ತಲೆ ಎತ್ತಿಕೊಂಡು ತವರಿಗೆ ಹೋಗಿ ಬರುತ್ತಿದ್ದೆವು.

ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಬೂದಿಗೆರೆ ಸುತ್ತಮುತ್ತ ಹೊಲಗಳ ಹೆಸರು ಕೇಳುವವರೇ ಇಲ್ಲವಾದರು, ಅಳತೆ ಕೇಳುವವರು ಹೆಚ್ಚಾದರು. ಅಮ್ಮ ಹೋದ ಮೇಲೆ ಅಣ್ಣಂದಿರು ಒಂದು ಬೆಳಿಗ್ಗೆ ಕಾರಿನಲ್ಲಿ ಬಂದು, ನನಗೊಂದು ರೇಷ್ಮೆ ಸೀರೆ ತಂದು, ಅಂಥ ಪ್ರೀತಿಯಿಂದ ಮಾತಾಡಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿಕೊಂಡರು. ಮುಂದಿನ ಗೌರಿ ಹಬ್ಬಕ್ಕೆ ಹೋದಾಗ ಆ ಹೊಲದ ಜಾಗದಲ್ಲಿ ಬಿಳಿ ಬಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. ಬಳೆ ತೊಡಿಸಿದರು, ರವಿಕೆ ಬಟ್ಟೆಯೂ ಕೊಟ್ಟರು. ಅದು ಈಗ ಅಣ್ಣಂದಿರ ಋಣ ಎನ್ನುವುದು ಮಾತ್ರ ಕೈಗೆ ಹತ್ತಿಕೊಂಡು ಬಿಡಲಿಲ್ಲ.

ಊರಿಗೆ ಬಂದು, ಡೈರಿಯಲ್ಲಿ ಕ್ಯಾನು ತೊಳೆಯುತ್ತಾ ತೊಳೆಯುತ್ತಾ, ನೀರಿನ ಸದ್ದಿಗೆ ಹಾಡು ತಾನಾಗಿ ಬಂತು.

ದಿನ್ನೆಯ ಹೊಲವೇ ಎಲ್ಲಿಗೆ ಹೋದೆ
ರಾಗಿಯ ತೆನೆಯ ಯಾರಿಗೆ ಕೊಟ್ಟೆ
ಅರಿಶಿನದ ಹೊಲವೇ ಎಲ್ಲಿಗೆ ಹೋದೆ
ಹೆಣ್ಣುಮಕ್ಕಳ ಕೈಯ ಯಾಕಾರ ಬಿಟ್ಟೆ

ಹೀಗೆ ಒಂದೊಂದು ಹೊಲವನ್ನೂ ಹೆಸರು ಹಿಡಿದು ಕರೆಯುತ್ತಾ ಹೋಗುವ ಹಾಡು. ಕೊನೆಯ ನುಡಿಯಲ್ಲಿ ಕಟ್ಟಳೆಯ ಪ್ರಕಾರ ನಮ್ಮ ತವರಿನ ಕೆರೆ ಏರಿಯ ಮೇಲಿರುವ ಮುನೇಶ್ವರನ ಹೆಸರು ಇಟ್ಟೆ: ಎಲ್ಲಿಗೆ ಹೋದವು ಹೇಳೋ ಮುನೇಶ್ವರಾ. ಶನಿವಾರ ಗುಡಿಯಲ್ಲಿ ಅದನ್ನು ಹೇಳಿದಾಗ ತಾಳ ಹಾಕುತ್ತಿದ್ದವರ ಕೈ ನಿಧಾನವಾಯಿತು. ಗೆಳತಿ ಬೆನ್ನ ಹಿಂದೆ ಅಳುತ್ತಲೇ ಹೇಳಿದಳು. ಅವಳಿಗೂ ಆ ಹೊಲಗಳೆಲ್ಲ ಗೊತ್ತು, ಹುಣಸೇಮರದ ಹೊಲ ಅವರಪ್ಪನದೇ.

"ಇದನ್ನ ಇಲ್ಲೇ ಬಿಡ್ಬಾರ್ದು ಕಣೇ," ಎಂದಳು ಅಂದು. "ಹೊರಗಡೆ ಜನ ಕೇಳ್ಬೇಕು."

ಅವಳು ಮಾಡಿದ ಕೆಲಸವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಅವಳ ಗಂಡ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದ, ಹಾಗಾಗಿ ಊರಿನ ಹೆಂಗಸರಲ್ಲಿ ದೊಡ್ಡ ಪರದೆಯ ಫೋನು ಮೊದಲು ಬಂದಿದ್ದು ಅವಳ ಕೈಗೆ. ಅದಕ್ಕೂ ಮೊದಲು ನಮ್ಮ ಹಾಡನ್ನು ಸೂಲಿಬೆಲೆಯ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿ ಕೊಡುತ್ತಿದ್ದರು, ಅದೇ ನಮಗೆ ದೊಡ್ಡ ವಿಷಯ. ಅವಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಚಾನೆಲ್ ಮಾಡಿದಳು. ನಮ್ಮ ಭಜನೆಯನ್ನು ಹಿಡಿದು, ಕೆಮ್ಮು, ಮಗುವಿನ ಅಳು, ನಾಯಿ ಬೊಗಳಿದ್ದು ಎಲ್ಲ ಕತ್ತರಿಸಿ, ಹಿಂದೆ ಒಂದು ಹೂವಿನ ಚಿತ್ರ ಅಂಟಿಸಿ ಹಾಕಿದಳು. ಸೊಪ್ಪು ಬಿಡಿಸುವ ಹೊತ್ತಿನಲ್ಲಿ ಬೇರೆಯವರ ವಿಡಿಯೊ ನೋಡಿ ನೋಡಿ, ಯಾವ ಹೊತ್ತಿಗೆ ಹಾಕಿದರೆ ಜನ ನೋಡುತ್ತಾರೆ, ವಿಡಿಯೊದ ಮುಖಚಿತ್ರಕ್ಕೆ ಎಂಥ ಬಣ್ಣ ಇರಬೇಕು, ಮೊದಲ ಸಾಲಿನಲ್ಲೇ ಜನರನ್ನು ಹೇಗೆ ಹಿಡಿದುಕೊಳ್ಳಬೇಕು, ಎಲ್ಲ ಕಲಿತಳು. ನಾನು ತಮಾಷೆ ಮಾಡುತ್ತಿದ್ದೆ.

"ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ ಅಂತೀಯಲ್ಲೇ, ಗುಡೀಲಿ ಗಂಟೆ ಹೊಡೀತಾರೆ, ಒತ್ತಲ್ಲ."

"ನೀನು ಹೊಡ್ಕೊಂಡು ಕೂತಿರು. ನಾನು ಒತ್ತಿಸ್ತೀನಿ."

ಡೈರಿಯ ಗುಂಪು, ಶಾಲೆಯ ತಾಯಂದಿರ ಗುಂಪು, ಅವಳ ಗಂಡನ ಡ್ರೈವರ್‌ಗಳ ಗುಂಪು, ಎಲ್ಲದಕ್ಕೂ ಶುಭೋದಯದ ಜೊತೆ ನಮ್ಮ ಹಾಡಿನ ಕೊಂಡಿ ಕಳಿಸುತ್ತಿದ್ದಳು. ಯಾರದೋ ಸಾವಿನ ಸುದ್ದಿಯ ಕೆಳಗೂ ಒಮ್ಮೆ ಹೋಗಿಬಿಟ್ಟಿತ್ತು, ಬೈಸಿಕೊಂಡು ತೆಗೆದಳು. ನನಗೆ ನಾಚಿಕೆ. ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವುದು ಹೇಗೆ ಎನ್ನುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ. "ಬಾಯಿದ್ದೋನು ಬರಗಾಲದಲ್ಲೂ ಬದುಕ್ದ ಕಣೇ. ನಿಂಗೆ ಹಾಡೋಕೆ ಬಾಯಿದೆ, ಹೇಳ್ಕೊಳೋಕೆ ಇಲ್ಲ. ಅದನ್ನ ನನಗೆ ಬಿಡು." ನಾನು ಬಿಟ್ಟೆ.

ಒಂದು ದಿನ ಅವಳು ಫೋನು ಹಿಡಿದುಕೊಂಡು ಡೈರಿಗೇ ಬಂದಳು. ನಮ್ಮ ಹಾಡನ್ನು ಎಲ್ಲಾ ಆಪ್‌ಗಳಿಗೂ ಕಳಿಸುವ ಒಂದು ಕಂಪನಿ ಇದೆಯಂತೆ, ಅದರಲ್ಲಿ ಹಾಡು ಬರೆದವರು ಯಾರು ಎಂದು ಕೇಳುತ್ತದಂತೆ.

"ನಿನ್ ಹೆಸ್ರು ಹಾಕ್ಲಾ?" ಎಂದಳು.

ಹಾಲಿನ ಸಾಲು ಬಾಗಿಲ ತನಕ ನಿಂತಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮುದುಕಿಯ ಮಾತು ಕಿವಿಯಲ್ಲಿತ್ತು. "ಥೂ, ನನ್ ಹೆಸ್ರು ಯಾಕೆ? ಹಾಡಲ್ಲೇ ಮುನೇಶ್ವರನ ಹೆಸ್ರಿದೆಯಲ್ಲ, ಸಾಕು," ಎಂದೆ. ಸಾಲಿನಲ್ಲಿ ನಿಂತಿದ್ದ ಹಿರಿಯರು ತಲೆದೂಗಿದರು. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಅವಳು ಸರಿ ಎಂದು ಹೊರಟುಹೋದಳು.

ಆಮೇಲೆ ವಿಡಿಯೊಗಳಲ್ಲಿ ನನ್ನ ಗಂಟಲು ಕಡಿಮೆಯಾಗುತ್ತಾ ಬಂತು. ಫೋನಿನ ಮೈಕಿಗೆ ದಪ್ಪ ಗಂಟಲು ಒಗ್ಗುವುದಿಲ್ಲ ಎಂದಳು. ಅರಿಶಿನದ ಹೊಲದ ಹಾಡನ್ನು ಅವಳೊಬ್ಬಳೇ ಹಾಡಿ, ಹೊಸಕೋಟೆಯಲ್ಲಿ ಒಂದು ಸ್ಟುಡಿಯೊದಲ್ಲಿ ಕೊಳಲು ಸೇರಿಸಿ ಹಾಕಿದಳು. ಚಿತ್ರದಲ್ಲಿ ಅವಳೊಬ್ಬಳೇ, ತಲೆಗೆ ಮಲ್ಲಿಗೆ ಮುಡಿದು, ಯಾರದೋ ಹೊಲದಲ್ಲಿ ನಿಂತಿದ್ದಳು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ನನಗಿಂತ ಚೆನ್ನಾಗಿತ್ತು. ಹೋಗಲಿ, ನಮ್ಮವಳೇ ಅಲ್ಲವೇ ಎಂದುಕೊಂಡೆ. ಆದರೆ ಹಂಡೆಯ ಗಂಟಲಿನಲ್ಲಿ ಆ ಹಾಡು ಹೇಗಿತ್ತೋ ಹಾಗೆ ಎಲ್ಲಾದರೂ ಉಳಿಯಲಿ ಎನ್ನುವ ಆಸೆ ನನಗೂ ಹುಟ್ಟಿತು. ಮಗಳು ಕೆಲಸಕ್ಕೆ ಸೇರಿ ಕೊಡಿಸಿದ ಫೋನಿತ್ತು. ಗೆಳತಿ ಕಲಿತ ಹಾಗೆಯೇ ನಾನೂ ಮಧ್ಯಾಹ್ನದ ಹೊತ್ತು ನೋಡಿ ನೋಡಿ ಕಲಿತು ಚಾನೆಲ್ ಮಾಡಿದೆ. ಮೊದಲು ಹಾಕಿದ್ದೇ ಆ ಹಾಡನ್ನು. ಅದನ್ನೇ ಯಂತ್ರ ತಡೆದಿದ್ದು.

ಆ ಸಂಜೆ ಅವಳ ಮನೆಗೆ ಹೋಗಿ ಫೋನು ತೋರಿಸಿದೆ. ಅವಳು ನಕ್ಕಳು.

"ಅಯ್ಯೋ, ಅದು ಕಂಪ್ಯೂಟರ್ ಕಣೇ. ಎರಡೂ ಒಂದೇ ರಾಗ ಅಲ್ವಾ, ಹಿಡ್ಕೊಂಡ್ಬಿಟ್ಟಿದೆ. ನಾನು ಬಿಡಿಸ್ತೀನಿ ಬಿಡು."

"ಹಕ್ಕು ನಿಂದು ಅಂತ ಬರುತ್ತಲ್ಲೇ."

"ಚಾನೆಲ್ ನಂದಲ್ವಾ, ಅದಕ್ಕೆ. ಕಾಫಿ ಕುಡೀತೀಯಾ?"

ಕಾಫಿ ಕುಡಿದು ಬಂದೆ. ಎರಡು ಸಲ ನೆನಪಿಸಿದೆ, ಮೂರನೇ ಸಲ ಕೇಳಲು ನನಗೇ ಸಂಕೋಚವಾಯಿತು. ಕಡ ಕೊಟ್ಟ ಕುಕ್ಕರ್ ವಾಪಸ್ ಕೇಳಿದ ಹಾಗೆ ಎಷ್ಟು ಸಲ ಕೇಳುವುದು? ಹಾಡಿನ ಮೇಲಿನ ತಡೆ ಹಾಗೆಯೇ ಇತ್ತು.

ಆಮೇಲೆ ಒಂದು ಜಾಹೀರಾತು ಬಂತು. ನಾನು ಅದನ್ನು ಮೊದಲು ನೋಡಲಿಲ್ಲ, ಕೇಳಿದೆ. ಡೈರಿಯಲ್ಲಿ ಕೂತು ಯಾರದೋ ಹಾಲಿನಲ್ಲಿ, ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರ್ ಬಿಟ್ಟು ಅದು ನಿಲ್ಲುವುದನ್ನೇ ಕಾಯುತ್ತಿದ್ದೆ. ಸಾಲಿನಲ್ಲಿ ಒಬ್ಬಾಕೆಯ ಫೋನಿನಿಂದ ನನ್ನ ರಾಗ ಬಂತು. ಗೆಳತಿಯ ಗಂಟಲು. ಕೊಳಲು. ಮಾತು ಮಾತ್ರ ಬೇರೆ.

ಅರಿಶಿನದ ಹೊಲವೇ ಬಂದೆವು ನಾವು
ಮನೆಯ ಕಟ್ಟಲು ಜಾಗವ ನೀಡು

"ಅಕ್ಕಾ, ನಿಮ್ ಭಜನೆ ಹಾಡಲ್ವಾ ಇದು?" ಎಂದು ಆಕೆ ಫೋನು ತಂದು ಹಿಡಿದಳು. ಮೇಲಿನಿಂದ ಹಕ್ಕಿ ಹಾರಿ ನೋಡಿದ ಹಾಗೆ ತೆಗೆದ ವಿಡಿಯೊ. ಬಿಳಿ ಕಲ್ಲುಗಳು, ಡಾಂಬರು ರಸ್ತೆ, ಒಂದು ಕಮಾನು. ವಿಮಾನ ನಿಲ್ದಾಣಕ್ಕೆ ಹತ್ತಿರ, ಸೈಟುಗಳು ಸಿದ್ಧ ಎಂದು ಅಕ್ಷರ ಓಡುತ್ತಿತ್ತು. ಕಮಾನಿನ ಪಕ್ಕದಲ್ಲಿ ಕೆರೆ ಏರಿ ಕಂಡಿತು, ಏರಿಯ ಮೇಲೆ ಮುನೇಶ್ವರನ ಸಣ್ಣ ಗುಡಿ ಕಂಡಿತು. ಅದು ನಮ್ಮ ತವರು. ಆ ಸೈಟುಗಳು ನಮ್ಮ ಹೊಲ. ಕಳೆದುಹೋದ ಹೊಲವನ್ನು ಕರೆದು ಅತ್ತ ಹಾಡಿನಲ್ಲೇ ಆ ಹೊಲವನ್ನು ತುಂಡು ತುಂಡು ಮಾಡಿ ಮಾರುತ್ತಿದ್ದರು. ಹಾಡುತ್ತಿದ್ದವಳು ನನ್ನ ಬೆನ್ನ ಹಿಂದೆ ಕೂತು ಅತ್ತವಳು.

ಲ್ಯಾಕ್ಟೋಮೀಟರ್ ನಿಂತು ಎಷ್ಟೋ ಹೊತ್ತಾಗಿತ್ತು, ಎಷ್ಟು ತೋರಿಸುತ್ತಿದೆ ಎಂದು ಓದಲಾಗಲಿಲ್ಲ. ಉಳಿದ ಹಾಲನ್ನು ನಮ್ಮ ಸಹಾಯಕಿ ಅಳೆದಳು. ನಾನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟಿಕೊಳ್ಳದೆ ಅವಳ ಮನೆಗೆ ಹೋದೆ.

ಅವಳು ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು, ಮೊರ ಪಕ್ಕಕ್ಕಿಟ್ಟಳು.

"ಏನೇ ಅದು?" ಎಂದೆ.

"ಅವ್ರಿಗೆ ಹಳ್ಳಿ ಹಾಡು ಬೇಕಿತ್ತಂತೆ ಕಣೇ. ನನ್ ಚಾನೆಲ್ ನೋಡಿ ಫೋನ್ ಮಾಡಿದ್ರು. ನಮ್ಮೂರಿನ ಸೈಟಿಗೇ ಅಂದಾಗ ಬೇಡ ಅನ್ನೋಕಾಗ್ಲಿಲ್ಲ. ನಿಂಗೂ ಕೊಡ್ತೀನಿ, ನಾನೇನ್ ಒಬ್ಳೇ ನುಂಗ್ತೀನಾ?"

"ನಿನ್ ದುಡ್ಡು ಯಾರಿಗ್ಬೇಕೇ! ನಮ್ ಹೊಲ ಮಾರೋಕೆ ನನ್ ಹಾಡೇ ಬೇಕಿತ್ತಾ?"

ಅವಳಿಗೂ ಸಿಟ್ಟು ಬಂತು. "ಹೊಲ ಮಾರಿದ್ದು ನಾನಲ್ಲ. ನಿಮ್ಮಣ್ಣಂದಿರು ಮಾರಿದ್ರು, ನಮ್ಮಪ್ಪ ಮಾರಿದ್ರು. ಮಾರಿದ ಹೊಲಕ್ಕೆ ಅತ್ಕೊಂಡು ಕೂತ್ರೆ ಯಾರ್ ಕೇಳ್ತಾರೆ? ನಾನು ಹೋಗಿ ಹೋಗಿ ಎಲ್ರಿಗೂ ಕೇಳಿಸ್ದೆ. ನೀನು ಒಂದು ಲಿಂಕಾದ್ರೂ ಕಳ್ಸಿದ್ಯಾ?"

"ಹಾಡು ಕಟ್ಟಿದ್ದು ಯಾರು ಅಂತ ಹಾಕಿದೀಯ?"

"ಜನಪದ ಅಂತ ಹಾಕಿದೀನಿ."

"ನಾನಿನ್ನೂ ಬದುಕಿದೀನಿ ಕಣೇ!"

"ಕೇಳಿದ್ನಲ್ಲ ಅವತ್ತು, ಡೈರೀಲಿ, ಎಲ್ರ ಎದುರಿಗೆ! ನಿನ್ ಹೆಸ್ರು ಹಾಕ್ಲಾ ಅಂದೆ. ನೀನೇನಂದೆ? ಮುನೇಶ್ವರನ ಹೆಸ್ರಿದೆ ಸಾಕು ಅಂದೆ. ಮುನೇಶ್ವರ ಬಂದು ಓಟಿಪಿ ಹೇಳ್ತಾನಾ? ಹಕ್ಕು ಯಾರದು ಅಂತ ಕೇಳುತ್ತೆ, ಯಾರ್ದಾದ್ರೂ ಒಬ್ರು ಹೆಸ್ರು ಬೇಕಲ್ಲ. ನಂದು ಹಾಕ್ದೆ."

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು. ನಮ್ಮ ಕಟ್ಟಳೆ ನನಗೆಷ್ಟು ಗೊತ್ತೋ ಅವಳಿಗೂ ಅಷ್ಟೇ ಗೊತ್ತು. ಸಾಲಿನಲ್ಲಿ ಹಾಲು ಹಿಡಿದು ನಿಂತ ಅಷ್ಟು ಜನರ ಎದುರಿಗೆ ಕೇಳಿದರೆ ನಾನು ಬೇಡ ಎನ್ನದೆ ಬೇರೇನು ಹೇಳುತ್ತೇನೆ? ಜಗಲಿಯಲ್ಲಿ ಇಬ್ಬರೇ ಕೂತಾಗ ಕೇಳಲಿಲ್ಲ. ಡೈರಿಗೇ ಬಂದು ಕೇಳಿದಳು. ಅದು ಅವತ್ತು ನನಗೆ ಹೊಳೆದಿರಲಿಲ್ಲ, ಈಗ ಅವಳ ಅಂಗಳದಲ್ಲಿ ನಿಂತು ಹೊಳೆಯಿತು. ಅಣ್ಣಂದಿರು ಸೀರೆ ತಂದು ಕರೆದುಕೊಂಡು ಹೋದಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ. ಅವರು ಅಣ್ಣಂದಿರು, ಆಸ್ತಿ ಎಂದರೆ ಹಾಗೆಯೇ ಎಂದು ಊರಿಗೆಲ್ಲ ಗೊತ್ತು. ಇವಳು ನನ್ನ ಮಗಳಿಗೆ ಮೊದಲ ನೀರು ಹಾಕಿದವಳು.

"ಶನಿವಾರ ಬಾ," ಎಂದಷ್ಟೇ ಹೇಳಿ ಬಂದೆ. ಯಾಕೆ ಹಾಗೆಂದೆನೋ ನನಗೇ ಸರಿಯಾಗಿ ಗೊತ್ತಿರಲಿಲ್ಲ. ದಾರಿಯಲ್ಲಿ ಗೊತ್ತಾಯಿತು.

ಶನಿವಾರ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಎಂದಿನಂತೆ ಫೋನನ್ನು ಕಂಬಕ್ಕೆ ಒರಗಿಸಿ, ಅದರ ಮುಖ ನಮ್ಮ ಕಡೆ ತಿರುಗಿಸಿ, ನನ್ನ ಬೆನ್ನ ಹಿಂದೆ ಅವಳ ಜಾಗದಲ್ಲೇ ಕೂತಳು. ಅವಳ ಉಸಿರು ನನ್ನ ಕಿವಿಗೆ ಕೇಳುತ್ತಿತ್ತು. ಮೊದಲು ಗಣಪತಿಯದು, ಆಮೇಲೆ ಆಂಜನೇಯನದು ಎರಡು ಹೇಳಿದೆವು. ಆಮೇಲೆ ನಾನು ಅರಿಶಿನದ ಹೊಲ ಎತ್ತಿಕೊಂಡೆ. ತಾಳ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ಡೈರಿಯ ಸುದ್ದಿ ಎಲ್ಲರಿಗೂ ಮುಟ್ಟಿತ್ತು.

ದಿನ್ನೆ ಹೊಲ ಹೋಯಿತು, ಹುಣಸೇಮರದ ಹೊಲ ಬಂತು. ಅವಳು ನಾನು ಕೊಟ್ಟದ್ದನ್ನು ಕೊಟ್ಟ ಹಾಗೆ ಹಿಂದಿರುಗಿಸುತ್ತಲೇ ಇದ್ದಳು. ಹುಣಸೇಮರದ ಹೊಲಕ್ಕೆ ಅವಳ ದನಿ ಸ್ವಲ್ಪ ನಡುಗಿತು. ಕೋಡಿ ಗದ್ದೆಯಾಯಿತು, ಅರಿಶಿನದ ಹೊಲವಾಯಿತು. ಕೊನೆಯ ನುಡಿ ಬಂತು. ಹೇಳೋ ಮುನೇಶ್ವರಾ ಎಂದು ಬರುವ ಜಾಗ. ನಾನು ಉಸಿರು ತೆಗೆದುಕೊಂಡು, ಮುನೇಶ್ವರನ ಜಾಗದಲ್ಲಿ ನನ್ನ ಹೆಸರು ಇಟ್ಟೆ. ಎಲ್ಲಿಗೆ ಹೋದವು ಎಂದು ಕೇಳ್ಯಾಳೆ ಇಂಥವಳು, ಎಂದು. ನನ್ನದು ಹಳೆಯ ಕಾಲದ ಹೆಸರು, ಅಪ್ಪನ ತಾಯಿಯದು. ಕೊನೆಯಲ್ಲಿ ಅಮ್ಮ ಎಂದು ಸೇರಿಸಿದರೆ ತಾಳಕ್ಕೆ ಸರಿಯಾಗಿ ಕೂರುತ್ತದೆ. ಇಲ್ಲಿ ಬರೆಯುವಾಗಲೂ ಅದನ್ನು ಬರೆಯಲು ಕೈ ಏಳುತ್ತಿಲ್ಲ, ಅಭ್ಯಾಸ ಅಷ್ಟು ಗಟ್ಟಿ. ಆದರೆ ಅಂದು ಗುಡಿಯಲ್ಲಿ, ಹಂಡೆಯ ಗಂಟಲಿನಲ್ಲಿ, ಗೋಡೆ ಬಡಿಯುವಷ್ಟು ಗಟ್ಟಿಯಾಗಿ ಹೇಳಿದೆ.

ಹಿಂದಿನ ಸಾಲಿನವರೆಲ್ಲ ಅಭ್ಯಾಸಬಲದಿಂದ ಮುನೇಶ್ವರಾ ಎಂದರು. ಒಂದಿಬ್ಬರು ಅರ್ಧಕ್ಕೆ ನಿಲ್ಲಿಸಿದರು. ಆ ಗದ್ದಲದ ಮಧ್ಯೆ, ನನ್ನ ಬೆನ್ನ ಹಿಂದಿನಿಂದ, ಒಂದು ಸಣ್ಣ ಗಂಟಲು ನನ್ನ ಹೆಸರನ್ನು ನಾನು ಕೊಟ್ಟ ಹಾಗೆಯೇ, ಅದೇ ಸ್ವರದಲ್ಲಿ, ಒಂದಕ್ಷರ ಕಳೆಯದೆ ಹಿಂದಿರುಗಿಸಿತು. ನಾನು ತಿರುಗಿ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಎರಡನೇ ಸಲ ಹೇಳಿದೆ. ಎರಡನೇ ಸಲವೂ ಅವಳು ಹೇಳಿದಳು. ಈ ಸಲ ಇನ್ನೂ ಕೆಲವರು ಅವಳ ದನಿ ಹಿಡಿದುಕೊಂಡು ನನ್ನ ಹೆಸರು ಹೇಳಿದರು. ಮೂಲೆಯಲ್ಲಿ ಕೂತಿದ್ದ ಆ ಮುದುಕಿ, ಕಟ್ಟಳೆ ಹಾಕಿದವಳು, ತಲೆ ಅಲ್ಲಾಡಿಸಿದಳು, ಆದರೆ ಬೈಯಲಿಲ್ಲ.

ಮಂಗಳಾರತಿ ಆದ ಮೇಲೆ ಗೆಳತಿಯೇ ನನ್ನ ಕೈಗೆ ಕೋಸಂಬರಿ ಹಾಕಿದಳು.

"ಚೆನ್ನಾಗ್ ಹೇಳ್ದೆ ಕಣೇ ಇವತ್ತು," ಎಂದಳು.

"ನೀನೂ."

ಅಷ್ಟೇ ಮಾತು. ಮನೆಗೆ ಬರುವಾಗ ನನ್ನ ಮೈ ಹಗುರವಾಗಿತ್ತು. ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಇಷ್ಟು ವರ್ಷದ ಸ್ನೇಹ, ಏನೋ ಆಸೆಗೆ ಬಿದ್ದಳು, ಹೋಗಲಿ ಬಿಡು ಎನಿಸಿತು. ಎಲ್ಲರ ಎದುರಿಗೆ, ದೇವರ ಎದುರಿಗೆ, ಫೋನಿನ ಎದುರಿಗೆ ನನ್ನ ಹೆಸರು ಹೇಳಿದಳಲ್ಲ, ಇನ್ನೇನು ಬೇಕು? ಈ ಸಲ ಗೌರಿ ಹಬ್ಬಕ್ಕೆ ಇಬ್ಬರೂ ಒಟ್ಟಿಗೆ ತವರಿಗೆ ಹೋಗಬೇಕು, ಮುನೇಶ್ವರನಿಗೆ ಒಂದು ಕಾಯಿ ಒಡೆಸಬೇಕು ಎಂದು ಗಂಡನಿಗೂ ಹೇಳಿದೆ. ಅವರು, "ನಿಮ್ ಜಗಳ ಎಷ್ಟೊತ್ತಿನದು" ಎಂದು ನಕ್ಕರು.

ಭಾನುವಾರ ಬೆಳಿಗ್ಗೆ ಡೈರಿಯಲ್ಲಿ, ಮೊದಲು ನನಗೆ ಜಾಹೀರಾತು ತೋರಿಸಿದಾಕೆಯೇ ಫೋನು ತಂದಳು. "ಅಕ್ಕಾ, ನಿನ್ನೇದು ಹಾಕಿದಾರೆ ನೋಡಿ."

ನಾನೇ ಫೋನು ಕೈಗೆ ತೆಗೆದುಕೊಂಡೆ. ಮೇಲೆ ದೊಡ್ಡ ಅಕ್ಷರದಲ್ಲಿ ಅವಳ ಹೆಸರು, ಅದರ ಕೆಳಗೆ ಮತ್ತು ಸಂಗಡಿಗರು ಎಂದಿತ್ತು, ಪಕ್ಕದಲ್ಲಿ ಜನಪದ ಗೀತೆ ಎಂದಿತ್ತು. ಇರಲಿ, ಹಳೆಯ ಅಭ್ಯಾಸ, ಬದಲಾಯಿಸಲು ಮರೆತಿರಬೇಕು ಎಂದುಕೊಂಡು ಮುಂದಕ್ಕೆ ಓಡಿಸಿದೆ. ನನ್ನ ಗಂಟಲು ಸಣ್ಣ ಫೋನಿನಲ್ಲೂ ಚೆನ್ನಾಗಿ ಕೇಳುತ್ತಿತ್ತು. ದಿನ್ನೆ ಹೊಲ, ಹುಣಸೇಮರದ ಹೊಲ, ಕೋಡಿ ಗದ್ದೆ. ಅರಿಶಿನದ ಹೊಲ ಬಂದಾಗ ಸಾಲಿನಲ್ಲಿ ನಿಂತವರೂ ಹತ್ತಿರ ಬಂದರು. ಅವರಿಗೆಲ್ಲ ಕೊನೆಯ ನುಡಿ ಕೇಳುವ ಆಸೆ, ನನಗೆ ಅವರ ಮುಖ ನೋಡುವ ಆಸೆ.

ಅಲ್ಲಿ ಪರದೆಯ ಮೇಲೆ ನಾನು ಉಸಿರು ತೆಗೆದುಕೊಂಡೆ, ಬಾಯಿ ತೆರೆದೆ. ಗಂಟೆಯ ಸದ್ದಾಯಿತು. ಸಬ್‌ಸ್ಕ್ರೈಬ್ ಆಗಿ ಎಂದು ಅವಳ ನಗುವ ಮುಖ ಬಂತು.

"ಕೊನೇ ನುಡಿ ಎಲ್ಲಿ ಹೋಯ್ತಕ್ಕಾ?" ಎಂದಳು ಆಕೆ.

ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಕೆಮ್ಮನ್ನೂ ನಾಯಿ ಬೊಗಳುವುದನ್ನೂ ಎಷ್ಟು ಅಚ್ಚುಕಟ್ಟಾಗಿ ತೆಗೆಯುತ್ತಿದ್ದಳೋ ಅಷ್ಟೇ ಅಚ್ಚುಕಟ್ಟಾಗಿ ತೆಗೆದಿದ್ದಳು. ಗುಡಿಯಲ್ಲಿ ಅತ್ತಿದ್ದು ಸುಳ್ಳಲ್ಲ, ಮನೆಗೆ ಹೋಗಿ ಕೂತು ಕತ್ತರಿಸಿದ್ದೂ ಸುಳ್ಳಲ್ಲ. ಗಂಟೆಯ ಸದ್ದಿಗೆ ಮೊದಲು ಪರದೆಯ ಮೇಲೆ ನನ್ನ ಬಾಯಿ ಅಗಲವಾಗಿ ತೆರೆದುಕೊಂಡು ನಿಂತಿದೆ, ಒಳಗೆ ಮಾತಿಲ್ಲ. ಈಗಲೂ ಅದು ಹಾಗೇ ಇದೆ, ಯಾರು ಬೇಕಾದರೂ ನೋಡಬಹುದು. ನಾನು ಆಕೆಗೆ ಫೋನು ವಾಪಸ್ ಕೊಟ್ಟು, ಆಕೆಯ ಕ್ಯಾನಿನ ಮುಚ್ಚಳ ತೆಗೆದೆ.